ಬಾನಿನ ಹಕ್ಕಿಯ ಲೆಕ್ಕ



ಮಂಗಳೂರಿನ ಬಂದರಿನ ಧಕ್ಕೆಗೆ ನಾವೆಲ್ಲ ಹೋದವರೇ. ಬೋಟಿನಿಂದ ಮೀನು ಇಳಿಸುವಾಗ ಮೇಲೆ ಸುತ್ತುವುದು ಯಾರು? ಕಂದು ಮೈ, ಬಿಳಿ ತಲೆಯ ಗರುಡ. ಅದು ನಮ್ಮ ಊರಿನದೇ. ವರ್ಷವಿಡೀ ಇಲ್ಲೇ ಉಂಟು.

ಮಾರ್ನೆಮಿ ಕಳೆದು ದೀಪಾವಳಿ ಬರುವ ಹೊತ್ತಿಗೆ ನೆಂಟರೂ ಬರುತ್ತಾರೆ. ಉತ್ತರದ ದೇಶಗಳಲ್ಲಿ ಆಗ ಚಳಿ ಹೆಚ್ಚುತ್ತದೆ. ಹಕ್ಕಿಗಳಿಗೆ ತಿನ್ನಲು ಸಿಗುವುದಿಲ್ಲ. ಅವು ದಕ್ಷಿಣಕ್ಕೆ ಹೊರಡುತ್ತವೆ. ನೇತ್ರಾವತಿ, ಫಲ್ಗುಣಿ ಕಡಲು ಸೇರುವ ಅಳಿವೆಗೆ ಬಿಳಿ ಕಡಲಕ್ಕಿಗಳ ಹಿಂಡು ಬರುತ್ತದೆ. ಅಮೂರ್ ಚಾಣ ಎಂಬ ಗಿಡುಗ ಪಾರಿವಾಳಕ್ಕಿಂತ ಚಿಕ್ಕದು. ಚೀನಾ, ರಷ್ಯಾ ಕಡೆಯಿಂದ ಹೊರಟು, ನಮ್ಮ ಈ ಅರಬ್ಬೀ ಸಮುದ್ರವನ್ನೇ ದಾಟಿ ಆಫ್ರಿಕಾಕ್ಕೆ ಹೋಗುತ್ತದೆ!

ಇವನ್ನು ಎಣಿಸಿದರೆ ಎಂತ ಲಾಭ? ಕೇಳಿ. ರಾಜಸ್ಥಾನದ ಭರತಪುರದಲ್ಲಿ ರಣಹದ್ದುಗಳನ್ನು ಎಣಿಸಿ ಬರೆದಿಟ್ಟಿದ್ದರು. 1990ರ ದಶಕದ ಕೊನೆಗೆ ಮತ್ತೆ ಎಣಿಸಿದರು. ಹಕ್ಕಿ ತೀರಾ ಕಡಿಮೆಯಾಗಿತ್ತು. ಕಾರಣ ಹುಡುಕಿದರು. ದನಗಳಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು! ಆ ಮದ್ದು ಕೊಟ್ಟ ದನ ಸತ್ತರೆ, ಅದನ್ನು ತಿಂದ ರಣಹದ್ದೂ ಸಾಯುತ್ತಿತ್ತು. 2006ರಲ್ಲಿ ಸರಕಾರ ದನಗಳಿಗೆ ಆ ಮದ್ದು ಕೊಡುವುದನ್ನು ನಿಷೇಧಿಸಿತು. ಹಳೆಯ ಲೆಕ್ಕ ಇಲ್ಲದಿದ್ದರೆ "ಮೊದಲು ತುಂಬಾ ಇತ್ತು" ಎಂಬ ಬಾಯಿಮಾತು ಮಾತ್ರ ಇರುತ್ತಿತ್ತು. ಅದನ್ನು ಯಾರು ನಂಬುತ್ತಾರೆ?

ಬುಟ್ಟಿಗಟ್ಟಲೆ ಬಂಗುಡೆ ಎಣಿಸುವ ನಮಗೆ ಈ ಲೆಕ್ಕ ಕಷ್ಟವೇ? ವಾರಕ್ಕೆ ಒಂದು ದಿನ ಸಾಕು. ಅದೇ ಜಾಗ, ಅದೇ ಹೊತ್ತು, ಅರ್ಧ ಗಂಟೆ. ಹಿಂಡು ದೊಡ್ಡದಾದರೆ ಮೊದಲು 10 ಹಕ್ಕಿ ಎಣಿಸೋಣ. ಅಂಥ ಗುಂಪು ಎಷ್ಟು ಉಂಟು ನೋಡೋಣ. 7 ಗುಂಪು ಎಂದರೆ 70 ಹಕ್ಕಿ. ಸುತ್ತುವ ಹಕ್ಕಿಯನ್ನು ಮತ್ತೆ ಮತ್ತೆ ಎಣಿಸುವುದು ಬೇಡ. ಒಂದೇ ಸಲಕ್ಕೆ ಹೆಚ್ಚೆಂದರೆ ಎಷ್ಟು ಕಂಡಿತೋ ಅಷ್ಟೇ ಬರೆಯೋಣ. ಹೆಸರು ಗೊತ್ತಿಲ್ಲವೇ? ಬಣ್ಣ ಬರೆಯೋಣ. ಒಂದೂ ಕಾಣಲಿಲ್ಲವೇ? 0 ಬರೆಯೋಣ. ಅದೂ ಲೆಕ್ಕವೇ. ತಾರೀಕು ಮಾತ್ರ ಮರೆಯಬಾರದು.

ನಿನ್ನೆಯವರೆಗೆ ನಮ್ಮ ಲೆಕ್ಕವನ್ನು ಬೇರೆಯವರು ಬರೆಯುತ್ತಿದ್ದರು. ಅವರು ಬರೆದದ್ದೇ ಸರಿ. ನಾವು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಪೆನ್ಸಿಲ್ ನಮ್ಮ ಕೈಯಲ್ಲಿ ಉಂಟು. ಮೀನಿನ ಲೆಕ್ಕ, ಸಾಲದ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ಹಕ್ಕಿಗೂ ಇರಲಿ. ಹತ್ತು ವರ್ಷ ಕಳೆದ ಮೇಲೆ ಅಳಿವೆಗೆ ಹಕ್ಕಿ ಬರದಿದ್ದರೆ, ಯಾಕೆ ಎಂದು ಕೇಳಲು ನಮ್ಮ ಕೈಬರಹವೇ ಸಾಕ್ಷಿ.

ಬನ್ನಿ, ಈ ಭಾನುವಾರ ಅಳಿವೆ ಬದಿಗೆ ಹೋಗೋಣ. ಮಕ್ಕಳನ್ನೂ ಕರೆದುಕೊಂಡು ಬನ್ನಿ.