ಒಂದು ಪ್ಲಗ್ ಪಾಯಿಂಟ್ ಹಾಕಿಸುವ ಮುನ್ನ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿದ ನಮ್ಮ ಶೈಕ್ಷಣಿಕ ಜಿಲ್ಲೆಯಿಂದ ಡಾಕ್ಟರು, ಎಂಜಿನಿಯರು, ಅಧಿಕಾರಿಗಳು ಬಹಳ ಜನ ಬಂದಿದ್ದೀರಿ. ನಾನು ವೈರ್‌ಮನ್. ಎಸ್ಸೆಸ್ಸೆಲ್ಸಿ ಆದ ಮೇಲೆ ಐಟಿಐ ಮಾಡಿದೆ, ಇಷ್ಟು ವರ್ಷ ಮನೆಗಳಿಗೆ ವೈರಿಂಗ್ ಮಾಡಿಕೊಂಡು ಬಂದೆ. ಇವತ್ತು ಶಾಲೆಯ ನೆನಪು ಹೇಳು ಎಂದು ಕರೆದಿದ್ದಾರೆ. ಕ್ಷಮಿಸಿ, ನಾನು ನನ್ನ ಒಂದು ತಪ್ಪನ್ನು ಹೇಳಬೇಕು.

ನಾನು ಚಿಕ್ಕವನಿದ್ದಾಗ ನಮ್ಮ ಕೇರಿಯ ಎಷ್ಟೋ ಮನೆಗಳಿಗೆ ಭಾಗ್ಯಜ್ಯೋತಿಯ ಒಂದೇ ಬಲ್ಬು. ನಮ್ಮ ಮನೆಗೂ ಅಷ್ಟೇ. ಆಮೇಲೆ ಅಮ್ಮನಿಗೆ ರುಬ್ಬುವ ಕಷ್ಟ ತಪ್ಪಲಿ ಎಂದು ಗ್ರೈಂಡರ್ ತಂದೆ. ಆಗ ನನಗೆ ಕೆಲಸ ಅರ್ಧ ಗೊತ್ತಿತ್ತು, ಧೈರ್ಯ ಪೂರ್ತಿ ಇತ್ತು. ಲೈಟಿನ ಸ್ವಿಚ್ ಬೋರ್ಡಿನಿಂದಲೇ ಎರಡು ವೈರು ಎಳೆದು ಮೂರು ಪಿನ್ನಿನ ಸಾಕೆಟ್ ಕೂರಿಸಿದೆ. ಮನೆಗೆ ಅರ್ತಿಂಗ್ ಇರಲಿಲ್ಲ. ಮೂರನೇ ಪಿನ್ನು ಖಾಲಿ ಬಿಡುವುದೇಕೆ ಎಂದು ಅದನ್ನು ನ್ಯೂಟ್ರಲ್‌ಗೇ ಸೇರಿಸಿಬಿಟ್ಟೆ.

ಕೆಲವು ತಿಂಗಳು ಚೆನ್ನಾಗೇ ನಡೆಯಿತು. ಒಂದು ದಿನ ಬೋರ್ಡಿನಲ್ಲಿ ನ್ಯೂಟ್ರಲ್ ವೈರು ಸಡಿಲಾಗಿ ಕಳಚಿತು. ಹಿಂದಿರುಗುವ ದಾರಿ ಕಡಿದುಹೋದ ಕರೆಂಟು ಮೋಟಾರಿನ ಮೂಲಕ ಹಾದು, ನಾನೇ ಕೊಟ್ಟ ಆ ಜೋಡಣೆಯಿಂದ ಗ್ರೈಂಡರಿನ ಮೈಗೆ ಬಂತು. ಗ್ರೈಂಡರ್ ಯಾಕೆ ತಿರುಗುತ್ತಿಲ್ಲ ಎಂದು ನೋಡಲು ಅಮ್ಮ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈ ಇಟ್ಟರು. ಪಕ್ಕದ ಮನೆ ಚಿಕ್ಕಪ್ಪ ಓಡಿ ಬಂದು ಮೇನ್ ಇಳಿಸದಿದ್ದರೆ ಅವತ್ತೇ ಕಳೆದುಕೊಳ್ಳುತ್ತಿದ್ದೆ. ಬಲಗೈಯ ಎರಡು ಬೆರಳು ಕೊನೆಯವರೆಗೂ ಮಡಚಲಿಲ್ಲ. "ನೀನು ಹಾಕಿದ ಪಾಯಿಂಟು ಅಂತ ಯಾರ ಹತ್ರಾನೂ ಹೇಳ್ಬೇಡ ಕಣಪ್ಪ, ಕೆಲಸ ಕೊಡಲ್ಲ" ಅಂದರು. ಅಮ್ಮ ಈಗ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ಈಗ ಲೆಕ್ಕಕ್ಕೆ ಬರೋಣ. 40 ವ್ಯಾಟಿನ ಬಲ್ಬಿಗೆಂದು ಎಳೆದ ವೈರಿನಿಂದ 2000 ವ್ಯಾಟಿನ ಗೀಸರ್ ನಡೆಸಿದರೆ ಹೊರೆ 50 ಪಟ್ಟು. ವೈರು ಕಾದು ಉರಿಯುತ್ತದೆ. ಆದ್ದರಿಂದ 16 ಆಂಪಿಯರ್ ಸಾಕೆಟ್ಟಿಗೆ ಮೇನ್ ಬೋರ್ಡಿನಿಂದಲೇ ಬೇರೆ ಲೈನು, 2.5 ಅಥವಾ 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೆ ತಕ್ಕ ಎಂಸಿಬಿ ಬೇಕು. ಎಂಸಿಬಿ ಪದೇ ಪದೇ ಬಿದ್ದರೆ ದೊಡ್ಡದು ಹಾಕಿಸಬೇಡಿ, ಕಾರಣ ಹುಡುಕಿಸಿ.

ಆದರೆ ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. ನಮ್ಮದು ಬಂಡೆಗಳ ಸೀಮೆ. ಮಧುಗಿರಿ ಬೆಟ್ಟವೇ ಒಂದು ಕಲ್ಲು. ಮಳೆ ಕಡಿಮೆ, ನೆಲ ಒಣ. ಇಂಥ ನೆಲದಲ್ಲಿ ಅರ್ತಿಂಗ್ ಗುಂಡಿಯ ರೋಧ 100 ಓಮ್ ಇದೆ ಎಂದುಕೊಳ್ಳಿ. ಫ್ರಿಜ್ಜಿನ ಮೈಗೆ 230 ವೋಲ್ಟ್ ತಗುಲಿದರೆ ನೆಲಕ್ಕೆ ಹರಿಯುವುದು 2.3 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಫ್ರಿಜ್ಜು ಕರೆಂಟು ಹಿಡಿದುಕೊಂಡೇ ನಿಂತಿರುತ್ತದೆ. ಒದ್ದೆ ಕೈಯ ಮನುಷ್ಯನ ಜೀವಕ್ಕೆ ಒಂದು ಆಂಪಿಯರಿನ ಹತ್ತನೇ ಒಂದು ಭಾಗವೂ ಬೇಕಿಲ್ಲ.

ಇಲ್ಲಿ ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟು ಅಷ್ಟೇ ವಾಪಸು ಬಂತೇ ಎಂದು ಅದು ಸದಾ ಲೆಕ್ಕ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಬೇರೆ ದಾರಿ ಹಿಡಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿಯುತ್ತದೆ. ಅವತ್ತು ನಮ್ಮ ಮನೆಯಲ್ಲಿ ಅದಿದ್ದಿದ್ದರೆ ಅಮ್ಮನ ಬೆರಳು ಉಳಿಯುತ್ತಿದ್ದವು. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದೂ ಕಾಪಾಡದು. ಹಾಗೆಯೇ ಅದಿದೆ ಎಂದು ಅರ್ತಿಂಗ್ ಬಿಡುವಂತಿಲ್ಲ. ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ, ಅಳತೆ ಮಾಡಿಸಿ.

ಹೊಸ ಪಾಯಿಂಟ್ ಹಾಕಿದ ಮೇಲೆ ಆರ್‌ಸಿಸಿಬಿ ಬೀಳುತ್ತಿದ್ದರೆ ಬೈದು ತೆಗೆಸಬೇಡಿ. ಬೇರೆ ಲೈನಿನ ನ್ಯೂಟ್ರಲ್ ತಂದು ಸೇರಿಸಿರಬಹುದು, ಇಲ್ಲವೇ ನಾನು ಮಾಡಿದಂತೆ ನ್ಯೂಟ್ರಲನ್ನೂ ಅರ್ತನ್ನೂ ಜೋಡಿಸಿರಬಹುದು. ಅದು ತಪ್ಪನ್ನು ತೋರಿಸುತ್ತಿದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಮೇನ್ ಇಳಿಸಿದರೂ ಅದರ ಲೈನಿನಲ್ಲಿ ಕರೆಂಟು ಇರುತ್ತದೆ, ಮರೆಯಬೇಡಿ. ಲೈಸೆನ್ಸ್ ಇರುವವರಿಂದಲೇ ಕೆಲಸ ಮಾಡಿಸಿ. ಕಾನೂನೂ ಅದನ್ನೇ ಹೇಳುತ್ತದೆ.

ಪಾವಗಡದ ತಿರುಮಣಿಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. 2023ರಿಂದ ಗೃಹಜ್ಯೋತಿ ಬಂದು ಎಷ್ಟೋ ಮನೆಗೆ ಬಿಲ್ಲಿನ ಚಿಂತೆ ಇಲ್ಲ. ಕರೆಂಟು ಬಂತು, ಮಿಕ್ಸಿ, ಗೀಸರು, ಮೋಟಾರು ಬಂದವು. ಗೋಡೆಯೊಳಗಿನ ವೈರು ಮಾತ್ರ ಎಷ್ಟೋ ಕಡೆ ಒಂದು ಬಲ್ಬಿನ ಕಾಲದ್ದೇ.

ನನ್ನದು ಎರಡು ಮಾತು. ಇವತ್ತು ಮನೆಗೆ ಹೋದ ಕೂಡಲೇ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಬಿದ್ದರೆ ಸರಿ, ಬೀಳದಿದ್ದರೆ ಬದಲಾಯಿಸಿ, ಇಲ್ಲವೇ ಇಲ್ಲ ಅಂದರೆ ಮೊದಲು ಹಾಕಿಸಿ, ಪಾಯಿಂಟು ಆಮೇಲೆ. ಎರಡನೆಯದು, ನಮ್ಮ ಶಾಲೆಯ ಲ್ಯಾಬು, ಬಿಸಿಯೂಟದ ಅಡುಗೆಮನೆ, ಕಂಪ್ಯೂಟರ್ ಕೋಣೆ, ಈ ಮೂರರ ವೈರಿಂಗ್ ಪರೀಕ್ಷಿಸಿ ಆರ್‌ಸಿಸಿಬಿ ಹಾಕಿಕೊಡುವ ಕೆಲಸ ನನಗೆ ಬಿಡಿ. ಕೂಲಿ ಬೇಡ. ನಮ್ಮಮ್ಮನ ಹೆಸರಿನಲ್ಲಿ ಮಾಡುತ್ತೇನೆ.