ಶನಿವಾರವಾಡೆಯೂ ನಮ್ಮ ರಜೆಯ ದಿನವೂ



ಶನಿವಾರವಾಡೆ ನೋಡಲು ದೂರದೂರದ ಪ್ರವಾಸಿಗಳು ಪುಣೆಗೆ ಬರುತ್ತಾರೆ. ಅವರಿಗೆ ಚಹಾ, ಇಡ್ಲಿ ಕೊಡುವ ನಮ್ಮಲ್ಲಿ ಎಷ್ಟು ಮಂದಿ ಅದರ ದಿಲ್ಲಿ ದರವಾಜೆ ದಾಟಿದ್ದೇವೆ?

ಪೇಶ್ವೆ ಮೊದಲನೆಯ ಬಾಜೀರಾಯರು 1730ರ ಜನವರಿ 10ರಂದು, ಶನಿವಾರ, ಆ ಅರಮನೆಗೆ ಅಡಿಗಲ್ಲು ಹಾಕಿಸಿದರು. 1828ರ ಬೆಂಕಿಯಲ್ಲಿ ಮಹಡಿಗಳು ಸುಟ್ಟುಹೋದವು. ಕಲ್ಲುಕುಟಿಗರ ತಳಪಾಯ, ಕೋಟೆಗೋಡೆ ಉಳಿದವು.

ಅರಮನೆಗೇ ವಾರದ ಒಂದು ದಿನದ ಹೆಸರಿದೆ. ನಮಗೆ ವಾರದಲ್ಲಿ ನಮ್ಮದೆನ್ನುವ ಒಂದು ದಿನ ಬೇಡವೇ? 1948ರ ಮುಂಬಯಿ ಅಂಗಡಿ ಕಾಯಿದೆ ಹೋಟೆಲ್ ಕಾರ್ಮಿಕರಿಗೆ ವಾರದ ರಜೆ ಕೊಟ್ಟಿತು. ಅದರ ಬದಲಿಗೆ ಬಂದ 2017ರ ಮಹಾರಾಷ್ಟ್ರ ಕಾಯಿದೆಯಲ್ಲೂ ವಾರದ ರಜೆ ಇದೆ. ಆದರೆ ಕೇಳದೆ ಸಿಗುವುದಿಲ್ಲ. ಒಬ್ಬೊಬ್ಬರಾಗಿ ಬೇಡ, ಸಂಘವಾಗಿ ಕೇಳೋಣ. ಸಿಕ್ಕ ದಿನ ಎಲ್ಲರೂ ಟಿಕೆಟು ಕೊಂಡು ಆ ಬಾಗಿಲಿನಿಂದ ಒಳಗೆ ಹೋಗೋಣ.