ನಾವು ಕೊಳ್ಳುವ ವಿಷದ ಲೆಕ್ಕ



ಬಳಕೆದಾರರ ಹಕ್ಕು ಎಂದೊಡನೆ ನಮಗೆ ಪೇಟೆಯವರ ನೆನಪಾಗುತ್ತದೆ. ಅಡಿಕೆ ತೋಟಕ್ಕೆ ಕಳೆನಾಶಕ ಕೊಳ್ಳುವ ರೈತನೂ ಬಳಕೆದಾರನೇ ಎಂಬುದನ್ನು ಮರೆತಿದ್ದೇವೆ.

ಕಳೆದ ಮಳೆಗಾಲದಲ್ಲಿ ನೆರೆಮನೆಯವರೊಬ್ಬರು ತಂಪು ಪಾನೀಯದ ಬಾಟಲಿಯೊಂದನ್ನು ನನ್ನ ಜಗಲಿಯ ಮೇಲಿಟ್ಟು, "ಈ ಔಷಧಿ ಎಷ್ಟು ನೀರಿಗೆ ಎಷ್ಟು ಹಾಕಬೇಕು ಮಾರಾಯ್ರೇ?" ಎಂದು ಕೇಳಿದರು. ಅಂಗಡಿಯವರು ದೊಡ್ಡ ಕ್ಯಾನಿನಿಂದ ಸುರಿದು ಕೊಟ್ಟಿದ್ದರಂತೆ. ಚೀಟಿಯಿಲ್ಲ, ರಸೀದಿಯಿಲ್ಲ. ಇದನ್ನೇ ಓದಿ ಡಾಕ್ಟರೇಟ್ ಪಡೆದ ನನಗೂ ಅದು ಯಾವುದೆಂದು ಹೇಳಲಾಗಲಿಲ್ಲ. ವಿಷವನ್ನು ಔಷಧಿ ಎಂದು ಕರೆಯುವುದೇ ನಮ್ಮ ಮೊದಲ ತಪ್ಪು.

1971ರ ಕೀಟನಾಶಕ ನಿಯಮಗಳಂತೆ ಡಬ್ಬಿಯ ಮೇಲೆ ಬಣ್ಣದ ಗುರುತು ಇರಲೇಬೇಕು. ಕೆಂಪು ಅತ್ಯಂತ ತೀವ್ರ ವಿಷ. ಅನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಹಸಿರೆಂದರೆ ಅಪಾಯವಿಲ್ಲವೆಂದಲ್ಲ, ಕಡಿಮೆ ಎಂದಷ್ಟೇ. ಒಳಗಿನ ಕರಪತ್ರದಲ್ಲಿ ವಿಷದ ಲಕ್ಷಣ, ಪ್ರಥಮ ಚಿಕಿತ್ಸೆ, ಪ್ರತಿವಿಷಗಳ ವಿವರವಿರುತ್ತದೆ. ಆರ್ಗನೋಫಾಸ್ಫೇಟ್ ವಿಷಕ್ಕೆ ವೈದ್ಯರು ಅಟ್ರೋಪಿನ್ ಕೊಡುತ್ತಾರೆ. ಪ್ಯಾರಾಕ್ವಾಟ್‌ಗೆ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಯಾವ ವಿಷವೆಂದು ತಿಳಿಯದಿದ್ದರೆ ವೈದ್ಯರಾದರೂ ಏನು ಮಾಡಿಯಾರು?

ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ನಮಗೆ ದೂರದ ಊರಲ್ಲ. ಅಲ್ಲಿಯ ಗೇರು ತೋಟಗಳ ಮೇಲೆ ಆಕಾಶದಿಂದ ಎಂಡೋಸಲ್ಫಾನ್ ಸುರಿದಾಗ ಯಾರೂ ಊರಿನವರ ಒಪ್ಪಿಗೆ ಕೇಳಿರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಹಲವು ಮನೆಗಳಲ್ಲಿ ಹಾಸಿಗೆ ಹಿಡಿದ ಮಕ್ಕಳಿದ್ದರು.

ನೌಕರರಿಗೆ ನಿವೃತ್ತಿಯುಂಟು, ರೈತನಿಗಿಲ್ಲ. ಸಣ್ಣ ರೈತರಿಗಾಗಿ 2019ರಲ್ಲಿ ಆರಂಭವಾದ ಕೇಂದ್ರದ ಮಾನ್‌ಧನ್ ಯೋಜನೆಯು, ವಂತಿಗೆ ಕಟ್ಟಿದವರಿಗೆ 60 ವರ್ಷದ ಬಳಿಕ ತಿಂಗಳಿಗೆ 3000 ರೂಪಾಯಿ ನೀಡುವಂಥದ್ದು. ಅದು ಬೇಡವೆನ್ನಲಾರೆ. ಆದರೆ ಕೆಟ್ಟ ಶ್ವಾಸಕೋಶವನ್ನು ಆ ಹಣದಿಂದ ಸರಿಪಡಿಸಲಾಗದು. ನಮ್ಮ ಮಟ್ಟಿಗೆ ದೇಹವೇ ಭವಿಷ್ಯನಿಧಿ. ಮೂಗಿಗೆ ಬಟ್ಟೆಯನ್ನೂ ಕಟ್ಟದೆ ಸಿಂಪಡಿಸಿದ ಪ್ರತಿದಿನವೂ ಅದರಿಂದ ತೆಗೆದ ಸಾಲ.

ಸಿಂಪಡಿಸದೆ ನಡೆಯುವುದಾದರೆ ಸಿಂಪಡಿಸಬೇಡಿ. ಕಳೆಯನ್ನು ಕತ್ತಿಯಿಂದ ಸವರಿದರೆ ಅದೇ ಮರದ ಬುಡಕ್ಕೆ ಮುಚ್ಚಿಗೆಯಾಗುತ್ತದೆ. ಕೊಳ್ಳಲೇಬೇಕಾದರೆ ಮೊಹರು ಒಡೆಯದ ಡಬ್ಬಿಯನ್ನೇ ಕೊಳ್ಳಿ, ರಸೀದಿ ಕೇಳಿ ಪಡೆಯಿರಿ. ಅವಘಡವಾದರೆ ರೋಗಿಯೊಡನೆ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ. ಖಾಲಿ ಡಬ್ಬಿಯಲ್ಲಿ ನೀರು, ಎಣ್ಣೆ ತುಂಬಬೇಡಿ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಈ ವಾರ ಮನೆಯ ಅಟ್ಟದಲ್ಲಿರುವ ಡಬ್ಬಿಗಳ ಮೇಲಿನ ಚೀಟಿಯನ್ನು ಹಿರಿಯರ ಮುಂದೆ ಗಟ್ಟಿಯಾಗಿ ಓದಿ. ಚೀಟಿಯಿಲ್ಲದ ಡಬ್ಬಿ ಸಿಕ್ಕರೆ, ಅದು ಅಲ್ಲಿಗೆ ಹೇಗೆ ಬಂತೆಂದು ಕೇಳಿ.